ಫ್ಯಾಟ್ ಕ್ವಾರ್ಟರ್

"ನಿನ್ನೆ ರಾತ್ರಿ ನಮ್ಮನೆಯವಳು ಫೋನಿನಲ್ಲಿ, 'ನೀವೇನೂ ತರಬೇಡಿ, ನಾನೇ ನಾಲ್ಕು ಫ್ಯಾಟ್ ಕ್ವಾರ್ಟರ್ ತರ್ತೀನಿ' ಅಂತಿದ್ದಳು," ಅಂದೆ.

ಗಾಂಧಿ ಬಜಾರಿನ ದರ್ಶಿನಿ. ಮೂರ್ತಿಗೆ ಕಾಫಿ ನೆತ್ತಿಗೇರಿತು. "ಅತ್ತಿಗೆನಾ? ಕ್ವಾರ್ಟರ್ರಾ?"

"ಬಟ್ಟೆ ಕಣೋ. 18 ಇಂಚಿಗೆ 22 ಇಂಚಿನ ತುಂಡು. ಕ್ವಿಲ್ಟ್ ಸಂಘದವರ ಅಳತೆ."

"ಕ್ವಿಲ್ಟ್ ಅಂದ್ರ ನಮ್ಮ ಕೌದಿ ಅಲ್ಲೇನ್ರಿ?" ಅಂದರು ಪಾಟೀಲರು.

"ಕೌದಿಯೇ. ಆದರೆ ಕೌದಿ ಅಂದರೆ ಸಂಘಕ್ಕೆ ಫೀಸು ಯಾರು ಕೊಡ್ತಾರೆ? ನಿಮ್ಮ ಕಡೆ ಸೀರೆ ಹರಿದ ಮೇಲೆ ಹೊಲೀತಾರೆ. ಇವರು ಚಿಕ್ಕಪೇಟೆಗೆ ಹೋಗಿ, ಚೌಕಾಸಿ ಮಾಡಿ, ಹೊಸ ಬಟ್ಟೆ ತಂದು, ಒಗೆದು, ಇಸ್ತ್ರಿ ಹಾಕಿ, ಚೂರು ಚೂರು ಮಾಡ್ತಾರೆ. ಆಮೇಲೆ ಆರು ತಿಂಗಳು ಕೂತು ಜೋಡಿಸ್ತಾರೆ. ಅಂಗಡಿಯವನು ಕೊಟ್ಟಾಗ ಒಂದೇ ಆಗಿತ್ತಲ್ಲೇ ಅಂದೆ. ಎರಡು ದಿನ ಮಾತಿಲ್ಲ."

"ಟೂ ಬೈ ತ್ರೀ ಕಾಫಿ ಹೇಳೋನು ನೀನು. ಕತ್ತರಿಸೋದರ ಬಗ್ಗೆ ಮಾತಾಡ್ತೀಯ," ಅಂದ ಮೂರ್ತಿ.

"ಕಾಫೀನ ಮತ್ತೆ ಜೋಡಿಸಿ ದಸರಾ ಗೊಂಬೆ ಪಕ್ಕ ಪ್ರದರ್ಶನಕ್ಕೆ ಇಡ್ತೀನಾ? ಅವರಿಗೆ ವರ್ಷವಿಡೀ ಹಬ್ಬ. ತಿಂಗಳಿಗೊಂದು ಚೌಕ ಹೊಲಿಯೋದು, ವರ್ಷಕ್ಕೆ ಹನ್ನೆರಡು ಸೇರಿಸೋದು. ಅವರೇಕಾಯಿ ಕಾಲ ಬಂತೋ, ಒಬ್ಬರ ಮನೇಲಿ ಎಲ್ಲರೂ ಕೂತು ಹೊಲಿಗೆ. ದಾರ ಒಂದು ಉಂಡೆ, ಹಿತಕಿದ ಬೇಳೆ ಸಾರು ಎರಡು ಪಾತ್ರೆ. ಚಳಿಗೆ ಒಂದಷ್ಟು ವೃದ್ಧಾಶ್ರಮಕ್ಕೆ ಕೊಟ್ಟು ಬರ್ತಾರೆ. ಅದನ್ನ ಒಪ್ಪಿದೆ. ಏಪ್ರಿಲ್ ಸೆಕೆಯಲ್ಲಿ ಯುಎಫ್ಓ ದಿನ."

"ಹಾರೋ ತಟ್ಟೆನಾ?"

"ಅನ್‌ಫಿನಿಶ್ಡ್ ಆಬ್ಜೆಕ್ಟ್. ಶುರು ಮಾಡಿ ಅರ್ಧಕ್ಕೆ ಬಿಟ್ಟ ಹೊಲಿಗೆಗೆ ಹಾಗಂತಾರಂತೆ. ನಮ್ಮನೇಲಿ ಹನ್ನೊಂದಿವೆ. ನಾನೂ ಸೇರಿದರೆ ಹನ್ನೆರಡು."

ಪಾಟೀಲರು ಲೋಟ ಕೆಳಗಿಟ್ಟರು. "ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳು ಕೌದಿನ ಅಂಚಿನಿಂದ ಸುತ್ತಕೋತ ನಡುವಿಗೆ ಬರ್ತಾರ. ಮೂಲೆಗೆ ಬಟ್ಟೆಯ ಹೂವು ಇಡ್ತಾರ. ಹೂವಿಲ್ಲದಿದ್ರ ಕೌದಿ ಬೆತ್ತಲೆ ಅಂತಾರ."

"ನಮ್ಮನೇಲಿ ಇಟ್ಟರೆ ಅದಕ್ಕೂ ಒಂದು ಕ್ಲಾಸು, ಅದಕ್ಕೂ ಒಂದು ಫೀಸು," ಅಂದೆ.

ಅವರು ನಗಲಿಲ್ಲ. "ನಮ್ಮವ್ವ ಹೊಲಿದದ್ದು ಇನ್ನೂ ಐತ್ರಿ. ಕಾಲಿನ ಕಡೆ ನನ್ನ ಎರಡನೇ ಕ್ಲಾಸಿನ ಚಡ್ಡಿ. ಖಾಕಿ. ಬಾಜೂಕ ಅಪ್ಪನ ಧೋತರದ ಅಂಚು. ಚಡ್ಡಿ ಕಿಸೆ ಹಂಗೇ ಬಿಟ್ಟಾಳ. ಥಂಡಿ ದಿನಕ್ಕ ಕಾಲ್ಬೆರಳು ಅದರಾಗ ಇಡ್ತೀನಿ."

ಸ್ವಲ್ಪ ಹೊತ್ತು ಮೂವರೂ ಸುಮ್ಮನಿದ್ದೆವು. ದೋಸೆ ಕಾವಲಿಗೆ ನೀರು ಚಿಮುಕಿಸಿದ ಸದ್ದು ಜಾಸ್ತಿ ಕೇಳಿತು.

"ನಿಮ್ಮ ಅಮ್ಮಂದು ಏನೂ ಇಟ್ಟಿಲ್ವಾ?" ಅಂದ ಮೂರ್ತಿ.

"ಸೀರೆಗಳು ಪಾತ್ರೆಯವನಿಗೆ ಹೋದವು. ಆರು ಸೀರೆಗೆ ಒಂದು ಸ್ಟೀಲ್ ಡಬರಿ. ನಾನೇ ಅರ್ಧ ಗಂಟೆ ಜಗಳ ಆಡಿ ಮುಚ್ಚಳ ಹಾಕಿಸಿಕೊಂಡೆ. ದೊಡ್ಡ ಗೆಲುವು ಅನ್ನಿಸಿತ್ತು."

"ಡಬರಿ ಇದೆಯಾ?"

"ಇದೆ. ಈಗ ಅದರಲ್ಲಿ ಇವಳ ಚೂರು ಬಟ್ಟೆ. ಎಷ್ಟು ತುಂಬಿದ್ದಾಳೆ ಅಂದರೆ, ಮುಚ್ಚಳ ಕೂರಲ್ಲ."