ಪದಚರ್ಚೆ: ಕುಡಿತ ಬಿಟ್ಟವರು ಒಂದು ದಿನ ಕುಡಿದರೆ ಅದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪದ ಕಡೆಯಿಂದ ಬರೆಯುತ್ತಿದ್ದೇನೆ. ಕುಡಿತ ಬಿಡಲು ಹೊರಟವರಿಗಾಗಿ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದೇವೆ. ತೋಟದ ಲೈನ್ ಮನೆಗಳ ಕೂಲಿಯವರಿಗೂ ಅರ್ಥವಾಗಬೇಕು, ಐನ್‌ಮನೆಯ, ಅಂದರೆ ಕೊಡವರ ಹಿರಿಯರ ಮೂಲಮನೆಯ, ಜನರಿಗೂ ಅರ್ಥವಾಗಬೇಕು. ಒಂದು ಪದದ ಹತ್ತಿರ ಬಂದು ಕೆಲಸ ನಿಂತುಬಿಟ್ಟಿದೆ.

ಒಬ್ಬರು ಕುಡಿತ ನಿಲ್ಲಿಸಿ ಕೆಲವು ತಿಂಗಳಾಗಿದೆ. ಒಂದು ಸಂಜೆ ಒಂದು ಗ್ಲಾಸ್ ಕುಡಿದರು, ಮರುದಿನ ಮತ್ತೆ ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಇದು ಲ್ಯಾಪ್ಸ್. ಆ ಒಂದು ಗ್ಲಾಸ್ ಹಳೆಯ ಕುಡಿತಕ್ಕೇ ವಾಪಸ್ ಎಳೆದುಕೊಂಡು ಹೋದರೆ ರಿಲ್ಯಾಪ್ಸ್. ನಾನು ನೋಡಿದ ಕನ್ನಡ ಬರಹಗಳಲ್ಲಿ ಎರಡಕ್ಕೂ ‘ಮರುಕಳಿಕೆ’ ಎಂದೇ ಇದೆ. ಜನರ ಬಾಯಲ್ಲಿ ಇರುವುದು ‘ಮತ್ತೆ ಶುರು ಹಚ್ಕೊಂಡ’. ಅದೂ ಎರಡನ್ನೂ ಒಂದೇ ಮಾಡುತ್ತದೆ.

ಇದು ಬರೀ ನಿಘಂಟಿನ ವಿಷಯ ಅಲ್ಲ. ಅಲನ್ ಮಾರ್ಲಾಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಜೂಡಿತ್ ಗಾರ್ಡನ್ ಜೊತೆ 1985ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಮೊದಲ ಗ್ಲಾಸಿಗಿಂತ ಅದರ ಮರುದಿನ ಮನಸ್ಸಲ್ಲಿ ಏಳುವ ಮಾತೇ ಜಾಸ್ತಿ ಅಪಾಯ ಅಂತ. ‘ಹೋಯ್ತಲ್ಲ, ಇನ್ನೇನು, ನಾನು ಇಷ್ಟೇ’ ಎಂಬ ಮಾತು. ನಮಗೆ ಗೊತ್ತಿರುವ ಒಬ್ಬರು ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಒಂದು ಗ್ಲಾಸ್ ಕುಡಿದರು. ಬೆಳಿಗ್ಗೆ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ಅವರ ತಾಯಿ ‘ದೇವರ ಮುಂದೆ ಇಟ್ಟ ಆಣೆ ಮುರಿದೆಯಲ್ಲ ಮಗ’ ಅಂದರು, ಅಷ್ಟೇ. ಅವರು ಕೊಡೆ ತೆಗೆದುಕೊಂಡು ಹೊರಟವರು ವಾರವಿಡೀ ಕುಡಿದರು. ಒಂದು ಗ್ಲಾಸನ್ನು ದಾಟಿ ಬರಬಹುದಿತ್ತು. ಮುರಿದ ಆಣೆಯನ್ನು ಹೇಗೆ ದಾಟುವುದು?

ನಮ್ಮ ಮಾತುಗಳೆಲ್ಲ ಹಾಗೇ ಇವೆ ನೋಡಿ. ಆಣೆ, ಪ್ರಮಾಣ, ಹರಕೆ, ಮಾಲೆ ಹಾಕುವುದು. ‘ಮದ್ಯವರ್ಜನ’ದಲ್ಲೂ ವ್ರತದ ವಾಸನೆ ಇದೆ. ಇದರಿಂದ ಒಳ್ಳೆಯದಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಧರ್ಮಸ್ಥಳದ ಯೋಜನೆಯವರ ಶಿಬಿರಕ್ಕೆ ಹೋಗಿ ಬಿಟ್ಟವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಕುಡಿತ ಬಿಡುವವರೇ ಸೇರಿ ನಡೆಸುವ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದಿಂದ ಬದುಕಿದವರಿಗಂತೂ ಲೆಕ್ಕವಿಲ್ಲ. ಆದರೆ ಕುಡಿತ ಬಿಡಲು ಅವರು ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ ಅರ್ಧದಷ್ಟು ಕಡೆ ದೇವರ ಅಥವಾ ತನಗಿಂತ ದೊಡ್ಡ ಶಕ್ತಿಯ ಮಾತು ಬರುತ್ತದೆ. ಅದು ಒಗ್ಗದವರಿಗೂ ಒಂದು ದಾರಿ ಬೇಕಲ್ವಾ? 1994ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಅಂಥದ್ದು. ಪ್ರಾರ್ಥನೆ ಇಲ್ಲ, ‘ನಾನು ಕುಡುಕ’ ಎಂದು ಹೇಳಿಕೊಳ್ಳಬೇಕಾಗಿಲ್ಲ. ಬಿಡಬೇಕೆಂಬ ಮನಸ್ಸನ್ನು ಉಳಿಸಿಕೊಳ್ಳುವುದು, ಆಸೆ ಎದ್ದಾಗ ತಾಳಿಕೊಳ್ಳುವುದು, ಯೋಚನೆ ಮತ್ತು ನಡತೆಯನ್ನು ಸಂಭಾಳಿಸುವುದು, ಬದುಕನ್ನು ಒಂದು ಹದಕ್ಕೆ ತರುವುದು. ಈ ನಾಲ್ಕನ್ನು ಕಲಿಸುತ್ತಾರೆ. ನಮ್ಮ ಕೈಪಿಡಿಯೂ ಇದೇ ಜಾಡಿನದು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಗುರುಕಾರೋಣರಿಗೆ, ಅಂದರೆ ತೀರಿಹೋದ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಮದ್ಯವನ್ನೂ ಇಡುವ ಮನೆಗಳಲ್ಲಿ ‘ದುಶ್ಚಟ’ ಎಂದರೆ ಹಿರಿಯರನ್ನೇ ಬೈದಂತೆ ಕೇಳಿಸುತ್ತದೆ. ಆ ಪದವನ್ನು ಪೂರ್ತಿ ಕೈಬಿಟ್ಟೆವು. ‘ಕುಡಿತದ ತೊಂದರೆ’ ಎಂದಷ್ಟೇ ಬರೆದಿದ್ದೇವೆ. ತೋಟದಲ್ಲಿ ಬಟವಾಡೆಯ ಸಂಜೆ ಏಳುವ ಆಸೆಗೆ ‘ತೆವಲು’ ಎನ್ನುವ ಬದಲು ‘ಸೆಳೆತ’ ಎಂದು ಹಾಕಿದ್ದೇವೆ. ತೆವಲು ಎಂದರೆ ಮನುಷ್ಯನಿಗೆ ಬೈದ ಹಾಗೆ. ಸೆಳೆತ ಹೊಳೆಯ ನೀರಿನದು. ಜೋರಾಗುತ್ತದೆ, ಹಿಡಿದು ನಿಂತರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇದಕ್ಕೆ ಯಾರ ತಕರಾರೂ ಬಂದಿಲ್ಲ.

ಕುಡಿತ ನಿಲ್ಲಿಸಿದಾಗ ಮೈಗೆ ಆಗುವ ತೊಂದರೆಗೆ ಇಂಗ್ಲಿಷಿನಲ್ಲಿ ವಿತ್‌ಡ್ರಾವಲ್ ಎನ್ನುತ್ತಾರೆ. ಅದಕ್ಕೆ ‘ಹಿಂತೆಗೆತ’ ಎಂದು ಹಾಕಿದರೆ ಬ್ಯಾಂಕಿನ ಚೀಟಿಯಂತಾಗುತ್ತದೆ. ‘ನಿಲ್ಲಿಸಿದಾಗಿನ ನಡುಕ’ ಎಂದು ಬರೆದೆವು. ಇಲ್ಲಿ ಪದದ ಚೆಂದಕ್ಕಿಂತ ಜೀವ ಮುಖ್ಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಂದೇ ಏಟಿಗೆ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸಿ, ಮಾತು ಅಡ್ಡಾದಿಡ್ಡಿಯಾಗಿ, ಜೀವಕ್ಕೇ ಕುತ್ತು ಬರಬಹುದು. ‘ಗಟ್ಟಿ ಮನಸ್ಸು ಮಾಡಿ ಇವತ್ತೇ ಬಿಡು’ ಎಂದು ಅಂಥವರಿಗೆ ಹೇಳಬಾರದು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಈ ಪುಟವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇವೆ.

ಈಗ ನನ್ನ ಪ್ರಶ್ನೆ. ಲ್ಯಾಪ್ಸ್‌ಗೆ ‘ಎಡವು’ ಸರಿಯಾ? ‘ಕಾಲು ಎಡವಿತು’ ಅನ್ನುವಾಗ ತಪ್ಪು ಹೊರಿಸಿದಂತಾಗುವುದಿಲ್ಲ. ನಡೆಯುವವರು ಎಡವುವರಲ್ಲದೆ ಕುಳಿತವರು ಎಡವುವರೇ ಎಂಬ ಗಾದೆಯೂ ಜೊತೆಗಿದೆ. ಆಗ ರಿಲ್ಯಾಪ್ಸ್‌ಗೆ ‘ಮರುಕಳಿಕೆ’ಯನ್ನು ಉಳಿಸಿಕೊಳ್ಳಬಹುದು. ನಮ್ಮಲ್ಲಿ ಒಬ್ಬರು ‘ಜಾರು’ ಇರಲಿ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ‘ದಾರಿ ಜಾರಿದ’, ‘ಕಾಲು ಜಾರಿದಳು’ ಎಂದರೆ ಊರಿಗೆ ಬೇರೆಯೇ ಅರ್ಥ ಬರುತ್ತದೆ. ಹೆಂಗಸರ ಮೇಲಂತೂ ಅದು ಕಲ್ಲಿನ ಹಾಗೆ ಬೀಳುತ್ತದೆ, ನಮ್ಮ ಓದುಗರಲ್ಲಿ ಹೆಂಗಸರೂ ಇದ್ದಾರೆ.

ಇನ್ನೊಂದು, ನಮ್ಮ ಕೈಪಿಡಿಯ ದಾರಿಗೆ ಹೇಳುವ ‘ಸೆಕ್ಯುಲರ್’ ಎಂಬ ಪದ. ‘ಜಾತ್ಯತೀತ’ ಎಂದರೆ ರಾಜಕೀಯವಾಗುತ್ತದೆ. ‘ದೇವರಿಲ್ಲದ’ ಎಂದರೆ ಸುಳ್ಳಾಗುತ್ತದೆ, ನಮ್ಮ ಹತ್ತಿರ ಬರುವವರಲ್ಲಿ ಕೊಡಗಿನ ದೇವರು ಇಗ್ಗುತಪ್ಪನಿಗೆ ಕೈ ಮುಗಿಯುವವರೇ ಹೆಚ್ಚು. ಸದ್ಯಕ್ಕೆ ‘ನಂಬಿಕೆ ಕೇಳದ ದಾರಿ’ ಎಂದಿದೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಅರೆಭಾಷೆ ಮತ್ತು ಕೊಡವ ತಕ್ಕ್ ಮಾತಾಡುವವರು, ಹಾಸನ, ಚಿಕ್ಕಮಗಳೂರಿನ ತೋಟದ ಕಡೆಯವರು ದಯವಿಟ್ಟು ಬರೆಯಿರಿ. ಬಿಟ್ಟವರು ಒಮ್ಮೆ ಕುಡಿದು ಮತ್ತೆ ನಿಲ್ಲಿಸಿದರೆ ನಿಮ್ಮ ಮನೆಗಳಲ್ಲಿ ಏನೆನ್ನುತ್ತಾರೆ? ಬೈಗುಳ ಬೇಡ, ಪ್ರೀತಿಯಿಂದ ಹೇಳುವಾಗಿನ ಮಾತು ಬೇಕು. ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ.