ಸೊಂಟದ ಕೀಲು ಬದಲಿ: ಮೂಳೆ ಡಾಕ್ಟ್ರಿಗೆ ಕೇಳಿ (ಉತ್ತರ ಕನ್ನಡ ಜಿಲ್ಲೆಯವರ ಗ್ರೂಪ್)

ಕುಮಟಾದ ಸದಸ್ಯ: ಡಾಕ್ಟ್ರೇ, ನಮ್ಮ ಆಯಿಗೆ 56. ಬಲ ಸೊಂಟದ ಕೀಲು ಪೂರ್ತಿ ಸವೆದಿದೆ. ಮುಂದಿನ ವಾರ ಆಪರೇಷನ್. ಅದೇ ತೊಡೆಯಲ್ಲಿ ಹುಟ್ಟಿದಾಗಿನಿಂದ ಮುರುಗಲು ಹಣ್ಣಿನಂಥ ಕಡುಗೆಂಪು ಬಣ್ಣದ ಮಚ್ಚೆ ಇದೆ. ಆ ಕಾಲು ಸ್ವಲ್ಪ ದಪ್ಪ, ಉದ್ದ. ನರ ಉಬ್ಬಿವೆ. ತೊಂದರೆ ಇಲ್ಲ ಅಲ್ವಾ?

ಅಂಕೋಲಾದ ಸದಸ್ಯೆ: ಆಪರೇಷನ್ ಆದಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದಾ?

ಡಾಕ್ಟರ್: ಬೇಡ. ನಿನ್ನೆಯೂ ಹೇಳಿದ್ದೆ.

ಕುಮಟಾದವರೇ, ಈ ಮಚ್ಚೆ ವಿಷಯ ನಿಮ್ಮ ಸರ್ಜನ್‌ಗೆ ಗೊತ್ತಾ? ಮಚ್ಚೆ, ಉಬ್ಬಿದ ರಕ್ತನಾಳ, ದಪ್ಪ ಕಾಲು ಮೂರೂ ಒಂದೇ ಕಡೆ ಇದ್ದರೆ ಕ್ಲಿಪೆಲ್-ಟ್ರೆನೌನೆ ಎಂಬ ಹುಟ್ಟು ತೊಂದರೆ ಇರಬಹುದು. 1900ರಲ್ಲೇ ಫ್ರಾನ್ಸಿನ ಇಬ್ಬರು ವೈದ್ಯರು ಬರೆದಿಟ್ಟಿದ್ದಾರೆ, ಆದರೆ ಅಪರೂಪ. ಒಳಗೆ ಕೀಲಿನ ಸುತ್ತ ನಾಳಗಳ ಗೋಜಲು ಎಷ್ಟಿದೆ ಅಂತ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮಂಡಿ ಆಪರೇಷನ್‌ನಲ್ಲಿ ತೊಡೆಗೆ ಪಟ್ಟಿ ಬಿಗಿದು ರಕ್ತ ತಡೆಯಬಹುದು. ಸೊಂಟದಲ್ಲಿ ಪಟ್ಟಿ ಕಟ್ಟೋದೆಲ್ಲಿ? ಇನ್ನು ಸೊಂಟದ ಮೂಳೆಯಲ್ಲಿ ಕೂರಿಸುವ ಕೀಲಿನ ಹೊಸ ಬಟ್ಟಲಿಗೆ ಹಾಕುವ ಸ್ಕ್ರೂ. ಮೇಲ್ಭಾಗದಲ್ಲಿ ಹಿಂದಕ್ಕೆ ಹಾಕಿದರೆ ಅಪಾಯ ಕಡಿಮೆ. ಮುಂದಕ್ಕೆ ಹೋದರೆ ಮೂಳೆಯ ಒಳಮೈಗೇ ಕಾಲಿನ ದೊಡ್ಡ ರಕ್ತನಾಳಗಳು ಇರುತ್ತವೆ. ಆಯಿಯ ನಾಳಗಳು ಪುಸ್ತಕದ ಚಿತ್ರದ ಹಾಗೇ ಇವೆ ಅಂತ ನಂಬುವಂತಿಲ್ಲ.

ಮೊದಲು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು, ಎಂಆರ್‌ಐ ಆಗಬೇಕು, ರಕ್ತನಾಳದ ಸರ್ಜನ್ ನೋಡಬೇಕು. ಆಪರೇಷನ್ ಆಗೋದೇ ಇಲ್ಲ ಅಂತಲ್ಲ, ತಯಾರಿ ಬೇಕು. ಈಗ ಮಚ್ಚೆ ಮೇಲೆ ಅಂಗೈ ಹಗುರವಾಗಿ ಇಟ್ಟು ನೋಡಿ. ಬಿಸಿ ಇದೆಯಾ? ಬುರ್ರ್ ಅಂತ ನಡುಗುತ್ತದಾ? ಆ ಕಾಲಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿತ್ತಾ?

ಶಿರಸಿಯ ಸದಸ್ಯ: ಫಾರ್ವರ್ಡ್ ಬಂದದ್ದು: ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿ, ಬೆಳಿಗ್ಗೆ ಬೆಳ್ಳುಳ್ಳಿ ರಸ ಕುಡಿಯಿರಿ. ಎಂಥ ನರದ ಗಂಟೂ ಏಳೇ ದಿನದಲ್ಲಿ ಮಾಯ!

ಡಾಕ್ಟರ್: ತಿಕ್ಕಬೇಡಿ. ಒಳಗೆ ಹೆಪ್ಪು ಇದ್ದರೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಬೆಳ್ಳುಳ್ಳಿ ಔಷಧಿಯಂತೆ ಜಾಸ್ತಿ ತಗೊಂಡರೆ ರಕ್ತ ಸೋರೋದೂ ಜಾಸ್ತಿ. ಒಗ್ಗರಣೆಗೆ ಹಾಕಿ, ಸಾಕು.

ಭಟ್ಕಳದ ಸದಸ್ಯ: ಹೊಸ ಕೀಲು ಸೆರಾಮಿಕ್ ಒಳ್ಳೆಯದಾ, ಮೆಟಲ್ಲಾ?

ಶಿರಸಿಯ ಸದಸ್ಯ: ನಮ್ಮಜ್ಜ ಗಾಂವಠಿ (ನಾಟಿ) ಔಷಧಿಯಲ್ಲೇ 90 ದಾಟಿದವ್ರು.

ಕಾರವಾರದ ಸದಸ್ಯ: ಅಜ್ಜನಿಗೆ ಕೀಲು ಬದಲಿಸಿದ್ರಾ ಮಾರಾಯ್ರೇ? ಅದು ಬಿಡಿ. ಇಂಥದ್ದಕ್ಕೆಲ್ಲ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡಬೇಕು. ಜಿಲ್ಲೆಗೆ ದೊಡ್ಡಾಸ್ಪತ್ರೆ ಕೊಡಿ ಅಂದ್ರೆ ಎಲ್ಲಿ ಅಂತ ಜಗಳ.

ಶಿರಸಿಯ ಸದಸ್ಯ: ಘಟ್ಟದ ಮೇಲಿನವರು ಯಾಕೆ ಇಳಿದು ಬರಬೇಕು? ಶಿರಸಿಯಲ್ಲೇ ಮಾಡಲಿ.

ಕಾರವಾರದ ಸದಸ್ಯ: ಜಿಲ್ಲಾ ಕೇಂದ್ರ ಯಾವುದು ಅಂತ ನೆನಪಿದೆಯಾ?

ಹೊನ್ನಾವರದ ಸದಸ್ಯೆ: ಕುಮಟಾ ನಡುವಿಗೆ ಬರುತ್ತದೆ. ಸುಮ್ನೆ ಕಚ್ಚಾಡಬೇಡಿ.

ಶಿರಸಿಯ ಸದಸ್ಯ: ಹೊನ್ನಾವರದವರಿಗೆ ಕುಮಟಾ ಹತ್ತಿರ ತಾನೇ, ಅದಕ್ಕೇ!

ಡಾಕ್ಟರ್: ಜಗಳಕ್ಕೆ ಬೇರೆ ಗ್ರೂಪ್ ಮಾಡಿಕೊಳ್ಳಿ. ಕುಮಟಾದವರು ಎಲ್ಲಿ?

ಕುಮಟಾದ ಸದಸ್ಯ: ನೋಡಿದೆ ಡಾಕ್ಟ್ರೇ. ಬಿಸಿ ಇದೆ. ನಡುಗಿದಂತೆ ಆಗುತ್ತದೆ, ಆಯಿಗೂ ಗೊತ್ತಾಗುತ್ತದಂತೆ. ಹೆಪ್ಪುಗಟ್ಟಿದ್ದಿಲ್ಲ.

ಅಂಕೋಲಾದ ಸದಸ್ಯೆ: ಚಕ್ಕಳಮಕ್ಕಳ ಬೇಡ ಅಂದ್ರೆ ಪೂಜೆಗೆ ಮಣೆ ಮೇಲೆ ಕೂರಬಹುದಾ?

ಡಾಕ್ಟರ್: ಕುರ್ಚಿ.

ಕುಮಟಾದವರೇ, ನಡುಕ ಇದ್ದರೆ ಅಪಧಮನಿಯ ರಕ್ತ ನೇರ ಅಭಿಧಮನಿಗೆ ನುಗ್ಗುತ್ತಿರಬಹುದು. ಹಾಗಿದ್ದರೆ ಇದು ನಾನು ಮೊದಲು ಹೇಳಿದ್ದಕ್ಕಿಂತ ಬೇರೆ ಬಗೆಯದು, ರಕ್ತ ಹೋಗುವ ಅಪಾಯ ಜಾಸ್ತಿ. ಆಪರೇಷನ್‌ಗೆ ಮೊದಲೇ ಸಣ್ಣ ನಳಿಗೆ ತೂರಿಸಿ ಕೆಲವು ನಾಳ ಮುಚ್ಚಬೇಕಾಗಬಹುದು. ನಿಮ್ಮ ಸರ್ಜನ್‌ಗೆ ಇವತ್ತೇ ಫೋನ್ ಮಾಡಿ, ಮಚ್ಚೆಯ ಫೋಟೋ ಕಳಿಸಿ, ಇದನ್ನೆಲ್ಲ ಹೇಳಿ. ತಾರೀಖು ಮುಂದೆ ಹಾಕಲಿ.