ಜೈಲಿನಲ್ಲಿರುವ ತಮ್ಮನಿಗೆ ಬರೆದ ಪತ್ರ ಹಿಂದಿರುಗಿ ಬಂದಿದೆ, ಏನು ತಪ್ಪಾಗಿರಬಹುದು?

ಪ್ರಶ್ನೆ:
ನನ್ನ ತಮ್ಮ ಎರಡು ತಿಂಗಳಿಂದ ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿದ್ದಾನೆ. ಪದೇ ಪದೇ ಭೇಟಿಗೆ ಹೋಗಲಾಗದ ಕಾರಣ ಅಂಚೆಯಲ್ಲಿ ಎರಡು ಪತ್ರಗಳನ್ನು ಕಳುಹಿಸಿದೆ. ಮೊದಲನೆಯದು ‘ಈ ಹೆಸರಿನವರು ಇಲ್ಲಿಲ್ಲ’ ಎಂಬ ಷರಾದೊಂದಿಗೆ ವಾಪಸು ಬಂದಿತು. ಅಮ್ಮನ ಭಾವಚಿತ್ರವನ್ನೂ ಸ್ವಲ್ಪ ಹಣವನ್ನೂ ಇಟ್ಟು ಕಳುಹಿಸಿದ ಎರಡನೆಯ ಪತ್ರ ಏನಾಯಿತೆಂದೇ ತಿಳಿದಿಲ್ಲ. ವಿಳಾಸವನ್ನು ಹೇಗೆ ಬರೆಯಬೇಕು, ಒಳಗೆ ಏನೇನು ಇಡಬಹುದು, ಮೊಕದ್ದಮೆಯ ವಿಷಯವನ್ನು ಪ್ರಸ್ತಾಪಿಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಜೈಲೊಂದರಲ್ಲಿ ಕೈದಿಗಳ ಟಪಾಲು ವಿಂಗಡಿಸುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. ಅಲ್ಲಿ ಮನುಷ್ಯನನ್ನು ಗುರುತಿಸುವುದು ಹೆಸರಿಗಿಂತ ಹೆಚ್ಚಾಗಿ ಕೈದಿ ಸಂಖ್ಯೆಯಿಂದ. ದಾಖಲೆಯಲ್ಲಿರುವಂತೆಯೇ ಪೂರ್ಣ ಹೆಸರು, ಅದರ ಪಕ್ಕದಲ್ಲಿ ಸಂಖ್ಯೆ, ನಂತರ ಜೈಲಿನ ವಿಳಾಸ, ಹಿಂಬದಿಯಲ್ಲಿ ನಿಮ್ಮ ಸ್ವಂತ ಹೆಸರು ಮತ್ತು ವಿಳಾಸ ಇರಲಿ. ಕಳುಹಿಸಿದವರು ಯಾರೆಂದು ತಿಳಿಯದ ಲಕೋಟೆಯನ್ನು ಅನೇಕ ಕಡೆ ಒಳಗೇ ಬಿಡುವುದಿಲ್ಲ. ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗವಾದವರ ಪತ್ರಗಳೂ ಹೀಗೆಯೇ ಅಲೆಯುತ್ತವೆ. ಆದ್ದರಿಂದ ಮೊದಲು ಜೈಲಿನ ಕಚೇರಿಗೆ ದೂರವಾಣಿ ಮಾಡಿ ಅವರು ಅಲ್ಲಿಯೇ ಇದ್ದಾರೆಯೇ ಎಂದು ವಿಚಾರಿಸಿ.

ಲಕೋಟೆಯಲ್ಲಿ ನಗದು ಹಣವನ್ನು ಎಂದೂ ಇಡಬೇಡಿ. ಕೈದಿಯ ಖಾತೆಗೆ ಹಣ ಕಟ್ಟುವ ಕ್ರಮವೇ ಬೇರೆ ಇರುತ್ತದೆ. ಪಿನ್ನು, ಕ್ಲಿಪ್ಪು, ಅಂಟುಚಿತ್ರ, ಮಿನುಗುಪುಡಿ, ಸುಗಂಧ ಸವರಿದ ಕಾಗದ ಇವೆಲ್ಲ ಅನುಮಾನಕ್ಕೆ ಎಡೆಮಾಡುತ್ತವೆ. ಕಾಗದಕ್ಕೆ ಮಾದಕದ್ರವ್ಯವನ್ನು ಹೀರಿಸಿ ಕಳುಹಿಸುವ ದಂಧೆ ಬೆಳೆದ ಮೇಲಂತೂ ಕೆಲವು ದೇಶಗಳ ಜೈಲುಗಳಲ್ಲಿ ಮೂಲ ಪತ್ರದ ಬದಲು ಅದರ ನೆರಳಚ್ಚು ಪ್ರತಿಯನ್ನಷ್ಟೇ ಕೈದಿಗೆ ಕೊಡುತ್ತಾರೆ. ಬರಿಯ ಕಾಗದ, ಸಾಮಾನ್ಯ ಶಾಯಿ, ಅಷ್ಟು ಸಾಕು. ಭಾವಚಿತ್ರಕ್ಕೆ ಅನುಮತಿ ಇದೆಯೇ, ಎಷ್ಟಕ್ಕೆ ಇದೆ ಎಂಬುದನ್ನು ಅದೇ ಕಚೇರಿಯಲ್ಲಿ ಕೇಳಿಕೊಳ್ಳಿ.

ಉತ್ತರ 2:
ನಾನು ವಕೀಲ. ಮೊಕದ್ದಮೆಯ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ. ಮನೆಯವರ ಪತ್ರವನ್ನು ಅಧಿಕಾರಿಗಳು ತೆರೆದು ಓದಬಹುದು, ಮತ್ತು ‘ಆ ದಿನ ನೀನು ಹಾಗೆ ಮಾಡಬಾರದಿತ್ತು’ ಎಂದು ಅಕ್ಕರೆಯಿಂದ ಬರೆದ ಮಾತೇ ಮುಂದೆ ಸಾಕ್ಷ್ಯವಾಗಿ ತಿರುಗಬಹುದು. ಸಾಕ್ಷಿದಾರರ ಹೆಸರನ್ನು ಎತ್ತುವುದಂತೂ ಇನ್ನೂ ಅಪಾಯಕರ. ಪ್ರಕರಣದ ವಿಷಯವನ್ನೆಲ್ಲ ನಿಮ್ಮ ತಮ್ಮನ ವಕೀಲರ ಮೂಲಕವೇ ತಿಳಿಸಿ. ವಿಶ್ವಸಂಸ್ಥೆಯ ಮಹಾಸಭೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ (ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ಕನಿಷ್ಠ ಮಾನದಂಡಗಳು) 58ನೆಯದು, ಅಗತ್ಯ ಮೇಲ್ವಿಚಾರಣೆಗೆ ಒಳಪಟ್ಟು ಕುಟುಂಬದವರೊಡನೆ ಪತ್ರವ್ಯವಹಾರ ಮಾಡಲು ಕೈದಿಗೆ ಅವಕಾಶವಿರಬೇಕೆನ್ನುತ್ತದೆ; ವಕೀಲರೊಡನೆ ನಡೆಯುವ ಸಮಾಲೋಚನೆ ಗೋಪ್ಯವಾಗಿರಬೇಕೆಂದು ಹೇಳುವುದು 61ನೆಯದು. ಈ ನಿಯಮಗಳು ತಾವಾಗಿಯೇ ಕಾನೂನಿನಂತೆ ಕಟ್ಟುಪಾಡಾಗುವುದಿಲ್ಲವಾದರೂ, ಪತ್ರವನ್ನು ಕಾರಣವಿಲ್ಲದೆ ತಡೆಹಿಡಿದಿದ್ದಾರೆಂದು ಕಂಡಾಗ ಅಧೀಕ್ಷಕರಿಗೆ ಬರೆಯುವ ಮನವಿಯಲ್ಲಿ ಇವುಗಳನ್ನು ಉಲ್ಲೇಖಿಸಬಹುದು.

ಉತ್ತರ 3:
ನಾನು ಒಳಗಿದ್ದು ಬಂದವನು. ವಕೀಲರ ಮಾತನ್ನು ಕೇಳಿ ಏನು ಬರೆಯಲಿ ಎಂದು ನೀವು ಕೈಕಟ್ಟಿ ಕೂರಬೇಡಿ. ನಮಗೆ ಬೇಕಾಗಿದ್ದದ್ದು ಉಪದೇಶವಲ್ಲ, ಸಣ್ಣಪುಟ್ಟ ಸುದ್ದಿ: ಯಾವ ಕೋಣೆಗೆ ಸುಣ್ಣ ಬಳಿದಿರಿ, ಅಮ್ಮನ ಮಂಡಿನೋವು ಹೇಗಿದೆ, ನಾಯಿ ಈಗಲೂ ಬಾಗಿಲಲ್ಲಿ ಮಲಗುತ್ತದೆಯೇ. ನನ್ನ ಅಕ್ಕ ಪ್ರತಿ ಪತ್ರದ ತಲೆಯಲ್ಲಿ ದಿನಾಂಕದ ಜೊತೆಗೆ ಕ್ರಮಸಂಖ್ಯೆಯನ್ನೂ ಹಾಕುತ್ತಿದ್ದಳು. ಏಳರ ನಂತರ ಒಂಬತ್ತು ಬಂದರೆ ನಡುವಿನದು ಎಲ್ಲೋ ಉಳಿಯಿತೆಂದು ಇಬ್ಬರಿಗೂ ತಿಳಿಯುತ್ತಿತ್ತು. ಉತ್ತರ ತಡವಾದರೆ ಮುನಿಸಿಕೊಳ್ಳಬೇಡಿ. ಎಷ್ಟೋ ಸಲ ಕಾಗದವೂ ಅಂಚೆಚೀಟಿಯೂ ಇಲ್ಲದೆ ನಾನು ಸುಮ್ಮನಿದ್ದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಕಚೇರಿಗೆ ದೂರವಾಣಿ ಮಾಡಿದೆ. ಅವನು ಅಲ್ಲಿಯೇ ಇದ್ದಾನೆ. ನಾನು ಎರಡೂ ಲಕೋಟೆಗಳ ಮೇಲೆ ಮನೆಯಲ್ಲಿ ಕರೆಯುವ ಹೆಸರನ್ನು ಬರೆದಿದ್ದೆ. ಕೈದಿ ಸಂಖ್ಯೆಯನ್ನು ಗುರುತು ಮಾಡಿಕೊಂಡಿದ್ದೇನೆ, ಒಂದು ಭಾವಚಿತ್ರಕ್ಕೆ ಅಡ್ಡಿಯಿಲ್ಲವಂತೆ. ಹಣವಿಟ್ಟ ಲಕೋಟೆಯ ಬಗ್ಗೆ ಲಿಖಿತವಾಗಿ ಕೇಳಿ ಎಂದಿದ್ದಾರೆ, ನಾಳೆ ಅದನ್ನೂ ಬರೆಯುತ್ತೇನೆ.